ಲುಕೇಮಿಯಾ ನಿಜವಾಗಿ ಯಾವ ಕೋಶದಲ್ಲಿ ಶುರುವಾಗುತ್ತದೆ? ಸ್ಟೆಮ್ ಸೆಲ್‌ನಲ್ಲೋ, ಬಿ-ಸೆಲ್‌ನಲ್ಲೋ?

ಸ್ಲೈಡ್‌ಬಾಕ್ಸ್:

ಎಲ್ಲರಿಗೂ ನಮಸ್ಕಾರ. ನಾನು ಲ್ಯಾಬ್ ಟೆಕ್ನಾಲಜಿ ಓದುತ್ತಿದ್ದೇನೆ. ಈಗ ಫ್ಲೋ ಸೈಟೋಮೆಟ್ರಿ (ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಗುರುತು ನೋಡುವ ಪರೀಕ್ಷೆ) ವಿಭಾಗದಲ್ಲಿ ಟ್ರೈನಿಂಗ್ ನಡೆಯುತ್ತಿದೆ. ಕೆಲಸ ಕಲಿಯುತ್ತಾ ಹೋದ ಹಾಗೆ ಒಂದು ಗೊಂದಲ ಜಾಸ್ತಿಯಾಗುತ್ತಿದೆ. ಪುಸ್ತಕ ತೆಗೆದು ನೋಡಿದರೂ ಬಿಡಿಸಿಕೊಳ್ಳಲು ಆಗುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಇರಬಹುದು ಅಂತ ಸ್ಯಾಂಪಲ್ ಬಂದರೆ ಕೋಶದ ಮೇಲೆ ಮತ್ತು ಒಳಗೆ ಇರುವ ಗುರುತುಗಳನ್ನು ನೋಡಿ ಹೆಸರು ಕೊಡುತ್ತೇವೆ. ಸಿಡಿ19, ಸಿಡಿ10 ಅನ್ನುವ ಪ್ರೋಟೀನ್ ಗುರುತು ಕಂಡರೆ ಬಿ-ಎಎಲ್‌ಎಲ್, ಅಂದರೆ ಆಂಟಿಬಾಡಿ ಮಾಡುವ ಬಿ-ಸೆಲ್ ಜಾತಿಯ ತೀವ್ರ ಲುಕೇಮಿಯಾ. ಸಿಡಿ7 ಇದ್ದು ಕೋಶದ ಒಳಗೆ ಸಿಡಿ3 ಸಿಕ್ಕರೆ ಟಿ-ಎಎಲ್‌ಎಲ್, ಅದು ಟಿ-ಸೆಲ್ ಜಾತಿಯದು. ಸಿಡಿ13, ಸಿಡಿ33, ಎಂಪಿಒ ಇದ್ದರೆ ಎಎಂಎಲ್, ಅದು ಮೈಲಾಯ್ಡ್ ಕವಲಿನದು (ಬಿ, ಟಿ ತರಹದ ಲಿಂಫಾಯ್ಡ್ ಕೋಶಗಳಲ್ಲದ ಉಳಿದ ರಕ್ತಕಣಗಳ ಕವಲು). ಇಷ್ಟು ಅರ್ಥವಾಗುತ್ತದೆ. ಆದರೆ ಅದೇ ಬಿ-ಎಎಲ್‌ಎಲ್ ಕೋಶದ ಮೇಲೆ ಎಷ್ಟೋ ಸಲ ಸಿಡಿ34 ಕೂಡ ಹೊಳೆಯುತ್ತಿರುತ್ತದೆ. ಸಿಡಿ34 ಸ್ಟೆಮ್ ಸೆಲ್‌ನ, ಅಂದರೆ ಎಲ್ಲ ರಕ್ತಕಣಗಳಿಗೂ ಮೂಲವಾದ ಕೋಶದ, ಗುರುತು ಅಂತ ಕ್ಲಾಸಿನಲ್ಲಿ ಕಲಿತಿದ್ದೇವೆ. ಹಾಗಾದರೆ ಇದು ಬಿ-ಸೆಲ್ಲೋ, ಸ್ಟೆಮ್ ಸೆಲ್ಲೋ?

ಒಂದು ಕಡೆ ಓದಿದರೆ ಲುಕೇಮಿಯಾ ಹುಟ್ಟುವುದೇ ಸ್ಟೆಮ್ ಸೆಲ್‌ನಲ್ಲಿ ಅಂತ ಬರೆದಿದ್ದಾರೆ. ಇನ್ನೊಂದು ಕಡೆ ಬಿ-ಎಎಲ್‌ಎಲ್ ಬಿ-ಸೆಲ್‌ನ ಮರಿ ಹಂತದಲ್ಲಿ ಹುಟ್ಟುತ್ತದೆ ಅಂತ ಇದೆ. ಸ್ಟೆಮ್ ಸೆಲ್ಲೇ ಕೆಟ್ಟಿದ್ದರೆ ಅದರಿಂದ ಬರುವ ಕೆಂಪು ಕಣ, ಪ್ಲೇಟ್‌ಲೆಟ್, ಟಿ-ಸೆಲ್ ಎಲ್ಲದರಲ್ಲೂ ಆ ಕೆಡುಕು ಇರಬೇಕಲ್ವಾ? ಯಾಕೆ ಒಂದೇ ಜಾತಿಯ ಕೋಶ ಹುಚ್ಚೆದ್ದು ಬೆಳೆಯುತ್ತದೆ? ಮತ್ತೆ ಕೆಲವು ಸ್ಯಾಂಪಲ್‌ಗಳಲ್ಲಿ ಬಿ ಗುರುತೂ ಮೈಲಾಯ್ಡ್ ಗುರುತೂ ಒಟ್ಟಿಗೆ ಇರುತ್ತವೆ. ಅವು ಎಲ್ಲಿಂದ ಬಂದವು?

ಹೆಸರು ಹಾಕಿ ರಿಪೋರ್ಟ್ ಕಳಿಸಿದರೆ ನನ್ನ ಕೆಲಸ ಮುಗಿಯಿತು, ನಿಜ. ಆದರೂ ಸ್ಕ್ರೀನಿನ ಮೇಲೆ ಕಾಣುವ ಚುಕ್ಕಿಗಳ ಹಿಂದೆ ಏನು ನಡೆದಿದೆ ಅಂತ ಗೊತ್ತಿಲ್ಲದೆ ಈ ಕೆಲಸ ಮಾಡಲು ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಉದ್ದವಾದರೂ ಪರವಾಗಿಲ್ಲ.

ಮಜ್ಜೆಮಾತು:

ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಸೇರಿಕೊಂಡಿವೆ. ಮೊದಲ ಕೆಟ್ಟ ಬದಲಾವಣೆ ಯಾವ ಕೋಶದಲ್ಲಿ ಆಯಿತು ಅನ್ನುವುದು ಒಂದು. ಈಗ ಮೂಳೆಯ ಮಜ್ಜೆ ತುಂಬಾ ಹರಡಿರುವ ಕೋಶಗಳು ಬೆಳವಣಿಗೆಯ ಯಾವ ಹಂತದಲ್ಲಿ ನಿಂತುಬಿಟ್ಟಿವೆ ಅನ್ನುವುದು ಇನ್ನೊಂದು. ನಿಮ್ಮ ಫ್ಲೋ ಮಷೀನ್ ಹೇಳುವುದು ಎರಡನೆಯದನ್ನು ಮಾತ್ರ. ಶುರು ಎಲ್ಲಿ ಅಂತ ಕೇಳಿದರೆ ಅದಕ್ಕೆ ಗೊತ್ತಿಲ್ಲ. ಈ ಎರಡೂ ಒಂದೇ ಅಂದುಕೊಂಡರೆ ಉಳಿದದ್ದೆಲ್ಲ ಗೋಜಲಾಗುತ್ತದೆ.

ಮೊದಲು ಸಿಡಿ34 ವಿಷಯ ಮುಗಿಸಿಬಿಡುತ್ತೇನೆ. ಅದು ಸ್ಟೆಮ್ ಸೆಲ್‌ಗೆ ಮಾತ್ರ ಸೇರಿದ ಗುರುತಲ್ಲ. ಸ್ಟೆಮ್ ಸೆಲ್‌ನಿಂದ ಹೊರಟು ಒಂದು ದಾರಿ ಹಿಡಿದ ಎಳೆಯ ಕೋಶಗಳಲ್ಲೂ ಸ್ವಲ್ಪ ಕಾಲ ಇರುತ್ತದೆ. ಬಿ-ಸೆಲ್ ಆಗಲು ಹೊರಟ ಪ್ರೊ-ಬಿ ಕೋಶದಲ್ಲೂ ಇದೆ. ನಿಜವಾದ ಸ್ಟೆಮ್ ಸೆಲ್ ಬೇಕಾದರೆ ಸಿಡಿ34 ಇರಬೇಕು, ಸಿಡಿ38 ಇರಬಾರದು, ಸಿಡಿ45ಆರ್‌ಎ ಇರಬಾರದು, ಸಿಡಿ90 ಇರಬೇಕು. ಹೀಗೆ ಜರಡಿ ಹಿಡಿದ ಮೇಲೂ ಸಿಗುವುದು ಬೆರಳೆಣಿಕೆ ಕೋಶಗಳು. ದೊಡ್ಡವರ ದೇಹದಲ್ಲಿ ರಕ್ತ ಮಾಡುವ ಕೆಲಸದಲ್ಲಿ ತೊಡಗಿರುವ ಸ್ಟೆಮ್ ಸೆಲ್‌ಗಳು ಸುಮಾರು 50 ಸಾವಿರದಿಂದ 2 ಲಕ್ಷ ಇರಬಹುದು ಅಂತ 2018ರ ಒಂದು ಲೆಕ್ಕ ಹೇಳುತ್ತದೆ. ಅಷ್ಟರಿಂದಲೇ ದಿನಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ಕಣ ಹುಟ್ಟುತ್ತವೆ. ಹಾಗಾಗಿ ಸಿಡಿ34, ಸಿಡಿ19, ಸಿಡಿ10 ಮೂರೂ ಒಂದೇ ಕೋಶದಲ್ಲಿದ್ದರೆ ಅದು ಬಿ ದಾರಿಯ ಮೊದಲ ಮೆಟ್ಟಿಲುಗಳಲ್ಲಿ ನಿಂತ ಕೋಶ. ವಿರೋಧ ಏನೂ ಇಲ್ಲ.

ಒಂದೇ ಕೋಶದಿಂದ ಬೇರೆ ಬೇರೆ ರಕ್ತಕಣ ಹುಟ್ಟಬಲ್ಲವು ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಬಂದದ್ದು ಟೊರಾಂಟೊದಿಂದ. 1961ರಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ವಿಕಿರಣ ಕೊಟ್ಟು ಮಜ್ಜೆ ನಾಶವಾದ ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಕೋಶ ಕೊಟ್ಟರು. ಆ ಇಲಿಗಳ ಗುಲ್ಮದ ಮೇಲೆ ಗಂಟುಗಳು ಎದ್ದವು. ಒಂದೊಂದು ಗಂಟಿನೊಳಗೂ ಹಲವು ಬಗೆಯ ರಕ್ತಕಣಗಳು ಇದ್ದವು. ಪ್ರತಿ ಗಂಟೂ ಒಂದೇ ಕೋಶದ ಸಂತಾನ ಅಂತ ಕೆಲವು ವರ್ಷಗಳಲ್ಲಿ ತೋರಿಸಿದರು.

ಈಗ ಲುಕೇಮಿಯಾಗೆ ಬರೋಣ. ಎಎಂಎಲ್ ಬಗ್ಗೆ ನಮಗೆ ಇವತ್ತು ಇರುವ ಚಿತ್ರ ಬಹುಪಾಲು ಅದೇ ಊರಿನ ಜಾನ್ ಡಿಕ್ ಅವರ ಗುಂಪಿನ ಕೆಲಸದಿಂದ ಬಂದದ್ದು. ರೋಗಿಯ ಎಎಂಎಲ್ ಕೋಶಗಳನ್ನು ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳಿಗೆ ಕೊಟ್ಟು ಯಾವ ಕೋಶ ಹೊಸದಾಗಿ ಕಾಯಿಲೆ ಹುಟ್ಟಿಸುತ್ತದೆ ಅಂತ ನೋಡಿದರು. 1994ರಲ್ಲಿ ಬಂದ ಉತ್ತರ ಏನೆಂದರೆ ಎಲ್ಲ ಬ್ಲಾಸ್ಟ್‌ಗಳೂ (ಬೆಳೆಯದೆ ಎಳೆಯ ಹಂತದಲ್ಲೇ ನಿಂತ ಲುಕೇಮಿಯಾ ಕೋಶಗಳು) ಆ ಕೆಲಸ ಮಾಡಲಾರವು. ಸುಮಾರು 2.5 ಲಕ್ಷ ಕೋಶಕ್ಕೆ ಒಂದು ಮಾಡುತ್ತದೆ. ಅದು ಸಿಡಿ34 ಇರುವ, ಸಿಡಿ38 ಇಲ್ಲದ ಗುಂಪಿನಲ್ಲಿ ಸಿಕ್ಕಿತು. ಆಗ ಎಲ್ಲರೂ ಎಎಂಎಲ್ ಸ್ಟೆಮ್ ಸೆಲ್‌ನಲ್ಲೇ ಹುಟ್ಟುತ್ತದೆ ಅಂದುಕೊಂಡರು. ನಂತರದ ಕೆಲಸ ಇದನ್ನು ಸ್ವಲ್ಪ ಬದಲಿಸಿತು. ಕಾಯಿಲೆಯನ್ನು ನಡೆಸುವ ಕೋಶ ಬಹಳಷ್ಟು ರೋಗಿಗಳಲ್ಲಿ ಸ್ಟೆಮ್ ಸೆಲ್‌ಗಿಂತ ಒಂದೆರಡು ಹಂತ ಕೆಳಗಿನ ಕೋಶವನ್ನು ಹೋಲುತ್ತದೆ. ಹಂತ ಕೆಳಗಿದ್ದರೂ ತನ್ನನ್ನೇ ಮತ್ತೆ ಮತ್ತೆ ಹುಟ್ಟಿಸಿಕೊಳ್ಳುವ ಗುಣವನ್ನು ಅದು ಗಳಿಸಿಕೊಂಡಿರುತ್ತದೆ.

ನನಗೆ ತುಂಬಾ ಮುಖ್ಯ ಅನ್ನಿಸುವ ಕೆಲಸ 2014ರದ್ದು, ಅದೂ ಅದೇ ಗುಂಪಿನಿಂದ. ಎಎಂಎಲ್‌ನಲ್ಲಿ ಡಿಎನ್‌ಎಂಟಿ3ಎ ಮತ್ತು ಎನ್‌ಪಿಎಂ1 ಅನ್ನುವ ಎರಡು ಜೀನ್‌ಗಳ ಮ್ಯುಟೇಶನ್, ಅಂದರೆ ಡಿಎನ್‌ಎ ಬದಲಾವಣೆ, ಜೊತೆಯಾಗಿ ಸಿಗುವುದು ಸಾಮಾನ್ಯ. ಅವರು ಅದೇ ರೋಗಿಗಳ ಆರೋಗ್ಯವಾಗಿ ಕಾಣುವ ಟಿ-ಸೆಲ್‌ಗಳನ್ನು ಬೇರೆ ಮಾಡಿ ನೋಡಿದರು. ಹಲವು ರೋಗಿಗಳ ಟಿ-ಸೆಲ್‌ನಲ್ಲಿ ಡಿಎನ್‌ಎಂಟಿ3ಎ ಮ್ಯುಟೇಶನ್ ಇತ್ತು, ಎನ್‌ಪಿಎಂ1ದು ಇರಲಿಲ್ಲ. ಟಿ-ಸೆಲ್‌ಗೂ ಮೈಲಾಯ್ಡ್ ಬ್ಲಾಸ್ಟ್‌ಗೂ ಸಾಮಾನ್ಯವಾದ ಪೂರ್ವಜ ಮೇಲಿನ ಸ್ಟೆಮ್ ಸೆಲ್ ಮಟ್ಟದಲ್ಲೇ ಇರಬೇಕು. ಅಂದರೆ ಮೊದಲ ಏಟು ಬಿದ್ದದ್ದು ಸ್ಟೆಮ್ ಸೆಲ್‌ಗೆ. ಆ ಸ್ಟೆಮ್ ಸೆಲ್ ವರ್ಷಗಟ್ಟಲೆ ಒಳ್ಳೆಯ ರಕ್ತವನ್ನೇ ಕೊಡುತ್ತಾ ಇತ್ತು, ಅದರ ಮಕ್ಕಳಲ್ಲಿ ಎಲ್ಲೋ ಒಂದಕ್ಕೆ ಎರಡನೇ ಏಟು ಬಿದ್ದಾಗ ಕಾಯಿಲೆ ಹೊರಬಂತು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಲ್ಲೇ ಇದೆ. ಸ್ಟೆಮ್ ಸೆಲ್ ಕೆಟ್ಟರೆ ಎಲ್ಲ ಕೋಶದಲ್ಲೂ ಅದರ ಗುರುತು ಇರಬೇಕಲ್ವಾ ಅಂತ ಕೇಳಿದಿರಿ. ಹೌದು, ಇರುತ್ತದೆ! ಹುಡುಕಿದರೆ ಸಿಗುತ್ತದೆ. ಆದರೆ ಆ ಮೊದಲ ಮ್ಯುಟೇಶನ್ ಒಂದೇ ಇದ್ದಾಗ ಟಿ-ಸೆಲ್ ಟಿ-ಸೆಲ್‌ನ ಕೆಲಸವನ್ನೇ ಮಾಡುತ್ತದೆ, ಕೆಂಪು ಕಣ ಕೆಂಪು ಕಣವಾಗಿಯೇ ಇರುತ್ತದೆ. ಬೆಳವಣಿಗೆಗೆ ತಡೆ ಹಾಕುವ ಏಟು ಎಲ್ಲಿ ಬೀಳುತ್ತದೋ ಆ ಕವಲಿನ ಕೋಶ ಮಾತ್ರ ರಾಶಿ ಬೀಳುತ್ತದೆ.

ಇಂತಹ ಮೊದಲ ಏಟು ಬಿದ್ದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. 70 ದಾಟಿದವರಲ್ಲಿ ಸುಮಾರು 10% ಜನರ ರಕ್ತದಲ್ಲಿ ಡಿಎನ್‌ಎಂಟಿ3ಎ, ಟಿಇಟಿ2, ಎಎಸ್‌ಎಕ್ಸ್‌ಎಲ್1 ತರಹದ ಮ್ಯುಟೇಶನ್ ಇರುವ ಒಂದು ಕೋಶದ ಸಂತಾನ ದೊಡ್ಡದಾಗಿ ಬೆಳೆದಿರುತ್ತದೆ. ಅವರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಿಗೋ ಅದಕ್ಕಿಂತ ಕಡಿಮೆ ಜನರಿಗೋ ಮಾತ್ರ ರಕ್ತದ ಕ್ಯಾನ್ಸರ್ ಬರುತ್ತದೆ.

ಎಳೆಗಣ_ಡಾಕ್ಟರ್:

ಮಜ್ಜೆಮಾತು ಅವರು ಹೇಳಿದ್ದು ದೊಡ್ಡವರ ಎಎಂಎಲ್‌ಗೆ ಸರಿಯಾಗಿ ಹೊಂದುತ್ತದೆ. ಆದರೆ ಅದನ್ನೇ ಎಲ್ಲ ಲುಕೇಮಿಯಾಗೂ ಹಚ್ಚಬೇಡಿ. ನಾನು ಮಕ್ಕಳ ರಕ್ತದ ಕಾಯಿಲೆಗಳನ್ನು ನೋಡುವವಳು. ಮಕ್ಕಳ ಬಿ-ಎಎಲ್‌ಎಲ್‌ನ ಕಥೆ ಬೇರೆಯದೇ. ನೀವು ಕೇಳಿದ್ದೂ ಬಿ-ಎಎಲ್‌ಎಲ್ ಬಗ್ಗೆ, ಅದಕ್ಕೆ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬಿ-ಸೆಲ್ ಆಗುವ ದಾರಿಯಲ್ಲಿ ಒಂದು ಅಪಾಯಕಾರಿ ಕೆಲಸ ನಡೆಯುತ್ತದೆ. ಲೆಕ್ಕವಿಲ್ಲದಷ್ಟು ಬಗೆಯ ರೋಗಾಣುಗಳಿಗೆ ಲೆಕ್ಕವಿಲ್ಲದಷ್ಟು ಬಗೆಯ ಆಂಟಿಬಾಡಿ ಬೇಕು. ಅಷ್ಟೊಂದು ಜೀನ್ ನಮ್ಮಲ್ಲಿಲ್ಲ. ಹಾಗಾಗಿ ಪ್ರತಿ ಎಳೆಯ ಬಿ-ಸೆಲ್ ತನ್ನ ಡಿಎನ್‌ಎಯನ್ನೇ ಕತ್ತರಿಸಿ, ವಿ, ಡಿ, ಜೆ ಅನ್ನುವ ತುಂಡುಗಳಲ್ಲಿ ಒಂದೊಂದನ್ನು ಆರಿಸಿ, ಮತ್ತೆ ಜೋಡಿಸಿ ತನ್ನದೇ ಒಂದು ಆಂಟಿಬಾಡಿ ಜೀನ್ ಮಾಡಿಕೊಳ್ಳುತ್ತದೆ. ಸುಸುಮು ಟೊನೆಗಾವಾ 1976ರಲ್ಲಿ ಇದನ್ನು ತೋರಿಸಿದರು, 1987ರಲ್ಲಿ ನೊಬೆಲ್ ಬಂತು. ಕತ್ತರಿಯ ಕೆಲಸ ಮಾಡುವುದು ಆರ್‌ಎಜಿ1, ಆರ್‌ಎಜಿ2 ಅನ್ನುವ ಎರಡು ಪ್ರೋಟೀನ್‌ಗಳು. ಜೋಡಿಸುವ ಜಾಗದಲ್ಲಿ ಹೊಸ ಅಕ್ಷರ ಸೇರಿಸುವುದು ಟಿಡಿಟಿ. ನೀವು ಪ್ಯಾನಲ್‌ನಲ್ಲಿ ನೋಡುವ ಟಿಡಿಟಿ ಅದೇ! ಅದು ಕಂಡರೆ ಈ ಕೋಶ ಆಂಟಿಬಾಡಿ ಅಥವಾ ಟಿ-ರಿಸೆಪ್ಟರ್ ಜೀನ್ ಕಟ್ಟುವ ಹಂತದ ಸುತ್ತಮುತ್ತ ನಿಂತಿದೆ ಅಂತ ಸಾಮಾನ್ಯವಾಗಿ ಅರ್ಥ.

ಆರ್‌ಎಜಿ ಕತ್ತರಿಸಬೇಕಾದ್ದು ಆಂಟಿಬಾಡಿ ಜೀನ್‌ಗಳ ಪಕ್ಕ ಇರುವ ಗುರುತಿನ ಜಾಗಗಳಲ್ಲಿ ಮಾತ್ರ. ಆದರೆ ಅಂತಹದೇ ಅಕ್ಷರ ಸಾಲು ಡಿಎನ್‌ಎಯ ಬೇರೆ ಕಡೆಯೂ ಅಲ್ಲಲ್ಲಿ ಇರುತ್ತದೆ. ತಪ್ಪಿ ಅಲ್ಲಿ ಕತ್ತರಿಸಿದರೆ ಬೇಕಾದ ಜೀನ್ ಹಾರಿಹೋಗುತ್ತದೆ.

ಈಗ ಮಗುವಿನ ವಿಷಯ. ಮಕ್ಕಳ ಬಿ-ಎಎಲ್‌ಎಲ್‌ನಲ್ಲಿ ಇಟಿವಿ6 ಮತ್ತು ರಂಕ್ಸ್1 ಅನ್ನುವ ಎರಡು ಜೀನ್‌ಗಳು ಒಂದಕ್ಕೊಂದು ಅಂಟಿಕೊಂಡಿರುವ ಬಗೆ ತುಂಬಾ ಸಾಮಾನ್ಯ. ಪಶ್ಚಿಮದ ದೇಶಗಳಲ್ಲಿ 20-25% ಮಕ್ಕಳಲ್ಲಿ ಇದು ಸಿಗುತ್ತದೆ. ಕಾಯಿಲೆ ಬರುವುದು ಹೆಚ್ಚಾಗಿ 2ರಿಂದ 5 ವರ್ಷದೊಳಗೆ. ಆದರೆ ಅಂಟಿಕೊಂಡದ್ದು ಯಾವಾಗ? ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತವನ್ನು ಕಾಗದದ ಕಾರ್ಡಿನ ಮೇಲೆ ಒಣಗಿಸಿ ಇಡುವ ಪದ್ಧತಿ ಹಲವು ದೇಶಗಳಲ್ಲಿದೆ, ಗಥ್ರಿ ಕಾರ್ಡ್ ಅನ್ನುತ್ತಾರೆ. ಬ್ರಿಟನ್ನಿನ ಮೆಲ್ ಗ್ರೀವ್ಸ್ ಮತ್ತು ಅವರ ಜೊತೆಗಾರರು ಲುಕೇಮಿಯಾ ಬಂದ ಮಕ್ಕಳ ಹಳೆಯ ಕಾರ್ಡುಗಳನ್ನು ತೆಗೆಸಿ ಪರೀಕ್ಷೆ ಮಾಡಿದರು. ಕಾಯಿಲೆಯಲ್ಲಿ ಕಂಡ ಅದೇ ಜೋಡಣೆ, ಡಿಎನ್‌ಎಯ ಅದೇ ಅಕ್ಷರದಲ್ಲಿ ಮುರಿದದ್ದು, ಹುಟ್ಟಿದ ದಿನಗಳ ಆ ಒಣ ರಕ್ತದಲ್ಲೇ ಇತ್ತು. 1997ರಲ್ಲಿ ಕೆಎಂಟಿ2ಎ ಜೀನ್ ಮುರಿದ ಪುಟ್ಟ ಮಕ್ಕಳಲ್ಲಿ ಮೊದಲು ತೋರಿಸಿದರು, 1999ರಲ್ಲಿ ಇಟಿವಿ6-ರಂಕ್ಸ್1 ಮಕ್ಕಳಲ್ಲೂ ತೋರಿಸಿದರು. ಗರ್ಭದಲ್ಲೇ ಶುರುವಾಗಿತ್ತು ಅಂತಾಯಿತು.

ಒಂದೇ ತರಹದ ಅವಳಿಗಳಲ್ಲಿ ಇದು ಇನ್ನೂ ಸ್ಪಷ್ಟ. ಮಾಸು ಒಂದೇ ಆಗಿದ್ದರೆ ಒಂದು ಮಗುವಿನ ರಕ್ತದ ಕೋಶ ಇನ್ನೊಂದಕ್ಕೆ ಹೋಗುತ್ತದೆ. ಕೆಎಂಟಿ2ಎ ಮುರಿದು ಒಂದು ವರ್ಷದೊಳಗೆ ಕಾಯಿಲೆ ಬಂದರೆ ಹೆಚ್ಚುಕಡಿಮೆ ಎರಡೂ ಮಕ್ಕಳಿಗೂ ಬರುತ್ತದೆ. ಇಟಿವಿ6-ರಂಕ್ಸ್1 ತರಹದ್ದರಲ್ಲಿ ಹಾಗಿಲ್ಲ. ಒಂದಕ್ಕೆ ಬಂದರೆ ಇನ್ನೊಂದಕ್ಕೆ ಬರುವ ಸಾಧ್ಯತೆ ಸುಮಾರು 10%. ಯಾಕೆಂದರೆ ಇಲ್ಲಿ ಎರಡನೇ ಏಟು ಬೇಕು, ಅದು ಹುಟ್ಟಿದ ಮೇಲೆ ಬೀಳಬೇಕು, ಇಬ್ಬರಿಗೂ ಬೇರೆ ಬೇರೆಯಾಗಿ ಬೀಳಬೇಕು. ಆ ಎರಡನೇ ಏಟು ಏನು ಅಂತ 2014ರಲ್ಲಿ ಜೀನೋಮ್ ಓದಿ ನೋಡಿದಾಗ ಜೀನ್ ಹಾರಿಹೋದ ಜಾಗಗಳ ಅಂಚಿನಲ್ಲಿ ಆರ್‌ಎಜಿ ಕತ್ತರಿಸಿದ ಗುರುತುಗಳು ಮತ್ತೆ ಮತ್ತೆ ಸಿಕ್ಕವು.

ಇದು ನನ್ನನ್ನು ತುಂಬಾ ಕಾಡುವ ವಿಷಯ. ಮಗುವಿಗೆ ರೋಗನಿರೋಧಕ ಶಕ್ತಿ ಕಟ್ಟಿಕೊಡುವ ಕ್ರಿಯೆಯೇ ದಾರಿ ತಪ್ಪಿ ಕಾಯಿಲೆಯ ಕೊನೆಯ ಹೆಜ್ಜೆ ಇಡುತ್ತದೆ. ಕಾಯಿಲೆ ನಿಂತಿರುವ ಹಂತ ಬಿ-ಸೆಲ್‌ನ ಎಳೆಯ ಹಂತವೇ ಆಗಿರುವುದು ಕಾಕತಾಳೀಯವಲ್ಲ, ಆರ್‌ಎಜಿ ಚುರುಕಾಗಿರುವುದೇ ಅಲ್ಲಿ.

ಹಾಗಾದರೆ ಮೊದಲ ಏಟು ಸ್ಟೆಮ್ ಸೆಲ್‌ಗೇ ಬಿತ್ತಾ? ಈ ಬಗೆಯಲ್ಲಿ ಸಾಕ್ಷಿ ಬಿ ದಾರಿ ಹಿಡಿದ ಕೋಶದ ಕಡೆಗೇ ವಾಲುತ್ತದೆ. 2008ರಲ್ಲಿ ಒಂದು ಅವಳಿ ಜೋಡಿಯಲ್ಲಿ, ಕಾಯಿಲೆ ಇಲ್ಲದ ಮಗುವಿನ ರಕ್ತದಲ್ಲೂ ಆ ಜೋಡಣೆ ಇರುವ ಕೋಶ ಸಿಕ್ಕಿತು. ಅದರ ಮೇಲೆ ಸಿಡಿ34 ಇತ್ತು, ಸಿಡಿ19 ಕೂಡ ಇತ್ತು, ಸಿಡಿ38 ಇರಲಿಲ್ಲ ಅಥವಾ ತೀರಾ ಕಡಿಮೆ ಇತ್ತು. ಇಂತಹ ಕೋಶ ಸಾಧಾರಣ ರಕ್ತದಲ್ಲಿ ಇರುವುದಿಲ್ಲ.

ಇನ್ನೊಂದು ಮಾತು, ಲ್ಯಾಬಿನವರಿಗಿಂತ ಹೆಚ್ಚಾಗಿ ಇದನ್ನು ಓದುತ್ತಿರಬಹುದಾದ ಅಪ್ಪ ಅಮ್ಮಂದಿರಿಗೆ. ಇಟಿವಿ6-ರಂಕ್ಸ್1 ಜೋಡಣೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಒಂದರಲ್ಲಾದರೂ ಇರುತ್ತದೆ. ಅವರಲ್ಲಿ ತೀರಾ ಕಡಿಮೆ ಮಕ್ಕಳಿಗೆ ಮಾತ್ರ ಲುಕೇಮಿಯಾ ಬರುತ್ತದೆ. ಬಸುರಿಯಲ್ಲಿ ಏನು ತಿಂದೆ, ಯಾವ ಕೆಲಸ ಮಾಡಿದೆ ಅಂತ ತಾಯಂದಿರು ನನ್ನ ಮುಂದೆ ಅತ್ತಿದ್ದಾರೆ. ದಯವಿಟ್ಟು ಆ ಭಾರ ಹೊರಬೇಡಿ. ಕೋಶ ಕೋಟಿಗಟ್ಟಲೆ ಸಲ ಒಡೆದು ಮಗುವಾಗುವಾಗ ಇಂತಹ ಜೋಡಣೆ ತಾನಾಗಿಯೇ ಆಗುತ್ತದೆ. ನಿಮ್ಮ ತಪ್ಪು ಏನೂ ಇಲ್ಲ.

ದಿನಕ್ಕೊಂದು_ಮಾತ್ರೆ:

ನಾನು ಡಾಕ್ಟರ್ ಅಲ್ಲ. ಸಿಎಂಎಲ್ ಅನ್ನುವ ನಿಧಾನವಾಗಿ ಬೆಳೆಯುವ ಮೈಲಾಯ್ಡ್ ಲುಕೇಮಿಯಾ ಇದೆ, ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದೇನೆ. ನನ್ನ ಕಾಯಿಲೆ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತೇನೆ. ಈ ಚರ್ಚೆಯಲ್ಲಿ ಸಿಎಂಎಲ್ ಬಿಟ್ಟುಹೋದರೆ ಚಿತ್ರ ಪೂರ್ತಿಯಾಗುವುದಿಲ್ಲ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಸ್ಟೆಮ್ ಸೆಲ್ ಕೆಟ್ಟರೆ ಎಲ್ಲ ಕೋಶದಲ್ಲೂ ಕಾಣಬೇಕಲ್ವಾ ಅಂತ ಕೇಳಿದ್ದೀರಿ. ಸಿಎಂಎಲ್‌ನಲ್ಲಿ ಇದು ಬಹಳ ಹಿಂದೆಯೇ ಕಂಡಿತ್ತು. 1960ರಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ರೋಗಿಗಳ ಕೋಶದಲ್ಲಿ ಒಂದು ಗಿಡ್ಡ ಕ್ರೋಮೋಸೋಮ್ ಕಂಡರು. ಫಿಲಡೆಲ್ಫಿಯಾದಲ್ಲಿ ಸಿಕ್ಕಿದ್ದರಿಂದ ಆ ಊರಿನ ಹೆಸರೇ ಬಂತು. 1973ರಲ್ಲಿ ಜಾನೆಟ್ ರೌಲಿ ಅದು 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡದ್ದು ಅಂತ ತೋರಿಸಿದರು. ಅದರಿಂದ ಹುಟ್ಟುವುದೇ ಬಿಸಿಆರ್-ಎಬಿಎಲ್1 ಅನ್ನುವ ಅಂಟಿಕೊಂಡ ಜೀನ್. ಈ ಕ್ರೋಮೋಸೋಮ್ ಬಿಳಿ ಕಣದಲ್ಲಿ ಮಾತ್ರ ಇಲ್ಲ. ಕೆಂಪು ಕಣವಾಗುವ ಕೋಶ, ಪ್ಲೇಟ್‌ಲೆಟ್ ಮಾಡುವ ಕೋಶ, ಎಷ್ಟೋ ಸಲ ಬಿ-ಸೆಲ್‌ನಲ್ಲೂ ಇದೆ.

1967ರಲ್ಲಿ ಫಿಲಿಪ್ ಫಿಯಾಲ್ಕೋ ಮತ್ತು ಜೊತೆಗಾರರು ಬೇರೆ ದಾರಿಯಿಂದ ಅದನ್ನೇ ಹೇಳಿದರು. ಜಿ6ಪಿಡಿ ಅನ್ನುವ ಕಿಣ್ವದ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ. ಎರಡು ಎಕ್ಸ್‌ನಲ್ಲೂ ಬೇರೆ ಬೇರೆ ಬಗೆ ಇರುವ ಹೆಂಗಸರಲ್ಲಿ ಕೆಲವು ಕೋಶ ಒಂದು ಬಗೆ ಮಾಡುತ್ತವೆ, ಕೆಲವು ಇನ್ನೊಂದು. ಸಿಎಂಎಲ್ ಇರುವ ಅಂತಹ ಹೆಂಗಸರ ಚರ್ಮದಲ್ಲಿ ಎರಡೂ ಬಗೆ ಇತ್ತು. ಕೆಂಪು ಕಣದಲ್ಲೂ ಬಿಳಿ ಕಣದಲ್ಲೂ ಒಂದೇ ಬಗೆ ಇತ್ತು. ಎರಡೂ ಕಣಗಳು ಒಂದೇ ಕೋಶದಿಂದ ಬಂದಿದ್ದರೆ ತಾನೇ ಹಾಗಾಗುವುದು. ಡಿಎನ್‌ಎ ಓದಲು ಬರದ ಕಾಲದಲ್ಲಿ ಇಷ್ಟು ಸರಳವಾಗಿ ಯೋಚಿಸಿ ಕಂಡುಕೊಂಡರಲ್ಲ ಅಂತ ನನಗೆ ಈಗಲೂ ಖುಷಿಯಾಗುತ್ತದೆ.

ಔಷಧಿ ಸಿಗದಿದ್ದಾಗ ಸಿಎಂಎಲ್ ಕೆಲವು ವರ್ಷಗಳಲ್ಲಿ ಬ್ಲಾಸ್ಟ್ ಕ್ರೈಸಿಸ್‌ಗೆ, ಅಂದರೆ ಬ್ಲಾಸ್ಟ್‌ಗಳು ತುಂಬಿಕೊಳ್ಳುವ ಹಂತಕ್ಕೆ, ಹೋಗುತ್ತಿತ್ತು. ಆಗ 20-30% ರೋಗಿಗಳಲ್ಲಿ ಏಳುವ ಬ್ಲಾಸ್ಟ್ ಲಿಂಫಾಯ್ಡ್ ಜಾತಿಯದು. ಮೈಲಾಯ್ಡ್ ಅಂತ ಹೆಸರಿರುವ ಕಾಯಿಲೆಯಿಂದ ಲಿಂಫಾಯ್ಡ್ ಬ್ಲಾಸ್ಟ್! ಶುರು ಎಷ್ಟು ಮೇಲೆ ಆಗಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

2001ರಲ್ಲಿ ಇಮಾಟಿನಿಬ್ ಮಾತ್ರೆ ಬಂದ ಮೇಲೆ ನಮ್ಮಂಥವರ ಬದುಕೇ ಬದಲಾಯಿತು. ಆದರೂ ಮಲಗಿದ ಹಾಗೆ ಸುಮ್ಮನಿರುವ ಸ್ಟೆಮ್ ಸೆಲ್‌ಗಳನ್ನು ಮಾತ್ರೆ ಪೂರ್ತಿ ಕೊಲ್ಲುವುದಿಲ್ಲ ಅಂತ ಹೇಳುತ್ತಾರೆ. ವರ್ಷಗಟ್ಟಲೆ ಕಾಯಿಲೆ ತೀರಾ ಕೆಳಮಟ್ಟದಲ್ಲಿ ಉಳಿದವರು ಡಾಕ್ಟರ ನಿಗಾದಲ್ಲೇ ಮಾತ್ರೆ ನಿಲ್ಲಿಸಿ ನೋಡಿದಾಗ ಸುಮಾರು ಅರ್ಧ ಜನರಿಗೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ. ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ. ಯಾರೂ ತಾವಾಗಿಯೇ ನಿಲ್ಲಿಸಬೇಡಿ.

ಸ್ಲೈಡ್‌ಬಾಕ್ಸ್:

ಮೂವರಿಗೂ ಮನಸಾರೆ ಧನ್ಯವಾದ. ಟಿಡಿಟಿ ಯಾಕೆ ನೋಡುತ್ತೇವೆ ಅಂತ ಇವತ್ತು ನಿಜವಾಗಿ ಅರ್ಥವಾಯಿತು, ಇಷ್ಟು ದಿನ ಅದೂ ಪ್ಯಾನಲ್‌ನ ಒಂದು ಹೆಸರು ಅಷ್ಟೇ ಆಗಿತ್ತು.

ಎರಡು ವಿಷಯ ಉಳಿದಿವೆ. ಟಿ-ಎಎಲ್‌ಎಲ್ ಬಗ್ಗೆ ಯಾರೂ ಹೇಳಲಿಲ್ಲ. ಟಿ-ಸೆಲ್ ಬೆಳೆಯುವುದು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ, ಆದರೂ ಮಜ್ಜೆಯೆಲ್ಲ ಟಿ ಬ್ಲಾಸ್ಟ್ ತುಂಬಿಕೊಂಡಿರುತ್ತದೆ. ಹಾಗಾದರೆ ಅದು ಹುಟ್ಟಿದ್ದೆಲ್ಲಿ? ಎರಡನೆಯದು, ಎರಡು ಜಾತಿಯ ಗುರುತು ಒಟ್ಟಿಗೆ ಇರುವ ಸ್ಯಾಂಪಲ್‌ಗಳ ಬಗ್ಗೆ. ಮತ್ತೆ, ಮೊದಲು ಬಿ-ಎಎಲ್‌ಎಲ್ ಇದ್ದು ಮರುಕಳಿಸಿದಾಗ ಎಎಂಎಲ್ ಆಗಿ ಬಂದ ಒಂದು ಕೇಸ್ ಬಗ್ಗೆ ಸೀನಿಯರ್ ಹೇಳುತ್ತಿದ್ದರು. ಅದು ಅದೇ ಕಾಯಿಲೆಯಾ, ಹೊಸದಾ?

ಥೈಮಸ್_ದಾರಿ:

ಟಿ-ಸೆಲ್ ಮೇಲೆ ಕೆಲಸ ಮಾಡುತ್ತೇನೆ, ಹಾಗಾಗಿ ಇದು ನನ್ನ ಪಾಲಿಗೆ ಬಿಡಿ.

ಟಿ ಮತ್ತು ಬಿ ಎರಡು ಬೇರೆ ದಾರಿಗಳು ಅಂತ ಸ್ಪಷ್ಟವಾದದ್ದೇ 1960ರ ದಶಕದಲ್ಲಿ. 1961ರಲ್ಲಿ ಜಾಕ್ ಮಿಲ್ಲರ್ ಹುಟ್ಟಿದ ಕೂಡಲೇ ಇಲಿಮರಿಗಳ ಥೈಮಸ್ ತೆಗೆದರೆ ಅವುಗಳ ರೋಗನಿರೋಧಕ ಶಕ್ತಿ ಕುಸಿಯುತ್ತದೆ ಅಂತ ತೋರಿಸಿದರು. 1965ರಲ್ಲಿ ಮ್ಯಾಕ್ಸ್ ಕೂಪರ್ ಕೋಳಿಗಳಲ್ಲಿ ಥೈಮಸ್‌ನ ಕೆಲಸ ಬೇರೆ, ಬಿ-ಸೆಲ್ ಬೆಳೆಯುವ ಬರ್ಸಾ ಅನ್ನುವ ಅಂಗದ ಕೆಲಸ ಬೇರೆ ಅಂತ ಬಿಡಿಸಿದರು. ಮಜ್ಜೆಯಿಂದ ಹೊರಟ ಎಳೆಯ ಕೋಶ ರಕ್ತದ ಮೂಲಕ ಥೈಮಸ್ ಸೇರುತ್ತದೆ. ಅಲ್ಲಿ ನಾಚ್ ಅನ್ನುವ ಸಂಕೇತ ಸಿಕ್ಕ ಮೇಲೆ ಅದು ಟಿ ದಾರಿ ಹಿಡಿಯುತ್ತದೆ. ಮುಖ್ಯ ವಿಷಯ ಏನೆಂದರೆ ಥೈಮಸ್ ಬಾಗಿಲು ದಾಟಿದ ತಕ್ಷಣ ಅದು ಪೂರ್ತಿ ಟಿ ಆಗಿಬಿಡುವುದಿಲ್ಲ. ಮೊದಲ ಹಂತದ ಕೋಶಕ್ಕೆ ಮೈಲಾಯ್ಡ್ ಆಗುವ ಶಕ್ತಿ ಇನ್ನೂ ಉಳಿದಿರುತ್ತದೆ.

ಟಿ-ಎಎಲ್‌ಎಲ್ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ನಾಚ್1 ಜೀನ್‌ನಲ್ಲೇ ಮ್ಯುಟೇಶನ್ ಇರುತ್ತದೆ ಅಂತ 2004ರಲ್ಲಿ ಗೊತ್ತಾಯಿತು. ಥೈಮಸ್ ಕೊಡಬೇಕಾದ ಸಂಕೇತ ಕೋಶದೊಳಗೇ ಸದಾ ಆನ್ ಆಗಿದ್ದರೆ ಅದಕ್ಕೆ ಥೈಮಸ್‌ನ ಹಂಗೇ ಬೇಡ, ಮಜ್ಜೆಗೆ ಬಂದು ಬೆಳೆಯುತ್ತದೆ. ಇನ್ನು 2009ರಲ್ಲಿ ಗುರುತಿಸಿದ ಇಟಿಪಿ-ಎಎಲ್‌ಎಲ್ ಅನ್ನುವ ಬಗೆ ನಿಮ್ಮ ಮಷೀನಿಗೆ ಖಂಡಿತ ಬರುತ್ತದೆ. ಸಿಡಿ7 ಮತ್ತು ಒಳಗಿನ ಸಿಡಿ3 ಇರುತ್ತದೆ. ಸಿಡಿ1ಎ, ಸಿಡಿ8 ಇರುವುದಿಲ್ಲ. ಸಿಡಿ5 ಇಲ್ಲ ಅಥವಾ ತೀರಾ ಮಂಕು. ಜೊತೆಗೆ ಸಿಡಿ34, ಸಿಡಿ117, ಸಿಡಿ13, ಸಿಡಿ33ಗಳಲ್ಲಿ ಒಂದಾದರೂ ಇರುತ್ತದೆ. ನಾನು ಮೇಲೆ ಹೇಳಿದ ಥೈಮಸ್‌ನ ಮೊದಲ ಹಂತದ ಕೋಶಕ್ಕೆ ಹತ್ತಿರವಾದ ಚಿತ್ರ ಇದು.

ಶುರುವಾದ ಜಾಗವೂ ಕಾಯಿಲೆ ಕಾಣಿಸಿದ ಜಾಗವೂ ಬೇರೆ ಅನ್ನುವುದಕ್ಕೆ ಮನುಷ್ಯರಲ್ಲೇ ಒಂದು ನೋವಿನ ಸಾಕ್ಷಿ ಇದೆ. ಹುಟ್ಟಿನಿಂದಲೇ ಟಿ-ಸೆಲ್ ಇಲ್ಲದ ಎಕ್ಸ್-ಸಿಡ್ ಅನ್ನುವ ಕಾಯಿಲೆಯ ಮಕ್ಕಳಿಗೆ ಪ್ಯಾರಿಸ್‌ನಲ್ಲಿ, ಆಮೇಲೆ ಲಂಡನ್‌ನಲ್ಲಿ ಜೀನ್ ಚಿಕಿತ್ಸೆ ಮಾಡಿದರು. ಮಕ್ಕಳ ಸಿಡಿ34 ಕೋಶಗಳಿಗೆ ವೈರಸ್ ಮೂಲಕ ಸರಿಯಾದ ಜೀನ್ ಸೇರಿಸಿ ವಾಪಸ್ ಕೊಟ್ಟರು. ಚಿಕಿತ್ಸೆ ಕೆಲಸ ಮಾಡಿತು, ಮಕ್ಕಳಿಗೆ ಟಿ-ಸೆಲ್ ಬಂತು. ಆದರೆ ಕೆಲವು ವರ್ಷಗಳಲ್ಲಿ ಪ್ಯಾರಿಸ್‌ನ 4 ಮಕ್ಕಳಿಗೆ, ಲಂಡನ್‌ನ 1 ಮಗುವಿಗೆ ಟಿ ಲುಕೇಮಿಯಾ ಬಂತು. ಒಂದು ಮಗು ಉಳಿಯಲಿಲ್ಲ. ಈ ಮಕ್ಕಳಲ್ಲಿ ಹೆಚ್ಚಿನವರಲ್ಲಿ ವೈರಸ್ ಹೋಗಿ ಕೂತದ್ದು ಎಲ್‌ಎಂಒ2 ಅನ್ನುವ ಜೀನ್ ಪಕ್ಕ. ಅಂದರೆ ಏಟು ಬಿದ್ದದ್ದು ಮಜ್ಜೆಯ ಸಿಡಿ34 ಕೋಶಕ್ಕೆ, ಕಾಯಿಲೆಯಾಗಿ ಹೊರಬಂದದ್ದು ಟಿ-ಸೆಲ್‌ನಲ್ಲಿ. ಮುಂದೆ ವೈರಸ್‌ನ ವಿನ್ಯಾಸವನ್ನೇ ಬದಲಾಯಿಸಿದರು. ಆ ಮಕ್ಕಳಿಂದ ಕಲಿತದ್ದು ಇವತ್ತಿನ ಜೀನ್ ಚಿಕಿತ್ಸೆಗಳನ್ನು ಹೆಚ್ಚು ಸುರಕ್ಷಿತ ಮಾಡಿದೆ.

ಎರಡು ಜಾತಿಯ ಗುರುತಿನ ಲುಕೇಮಿಯಾಗಳ ಬಗ್ಗೆ 2018ರಲ್ಲಿ ಒಳ್ಳೆಯ ಕೆಲಸ ಬಂತು. ಒಂದೇ ರೋಗಿಯ ಬಿ ತರಹದ, ಮೈಲಾಯ್ಡ್ ತರಹದ ಕೋಶಗಳನ್ನು ಬೇರೆ ಮಾಡಿ ಓದಿದರೆ ಹೆಚ್ಚಿನ ಮ್ಯುಟೇಶನ್‌ಗಳು ಎರಡರಲ್ಲೂ ಒಂದೇ. ಬೇರೆ ಮಾಡಿದ ಒಂದು ಗುಂಪನ್ನು ಇಲಿಗೆ ಕೊಟ್ಟರೆ ಇನ್ನೊಂದು ಗುಂಪೂ ಮತ್ತೆ ಹುಟ್ಟಿಕೊಂಡಿತು. ಎರಡು ಕಾಯಿಲೆ ಒಟ್ಟಿಗೆ ಬಂದದ್ದಲ್ಲ, ಇನ್ನೂ ದಾರಿ ಆರಿಸಿಕೊಳ್ಳದ ಒಂದು ಕೋಶದ ಕಾಯಿಲೆ.

ಮುಖ ಬದಲಿಸಿ ಮರುಕಳಿಸುವುದಕ್ಕೂ ಬೇರು ಇಲ್ಲೇ ಇದೆ. 1999ರಲ್ಲಿ ವಿಯೆನ್ನಾದಲ್ಲಿ ಮೈನ್‌ರಾಡ್ ಬುಸ್ಲಿಂಗರ್ ಗುಂಪು ಇಲಿಗಳಲ್ಲಿ ಪ್ಯಾಕ್ಸ್5 ಅನ್ನುವ ಒಂದೇ ಜೀನ್ ತೆಗೆದಾಗ ಪ್ರೊ-ಬಿ ಕೋಶಗಳು ಟಿ, ಮ್ಯಾಕ್ರೋಫೇಜ್ ಮುಂತಾದ ಬೇರೆ ಕೋಶಗಳಾಗಬಲ್ಲವು ಅಂತ ತೋರಿಸಿತು. ಬಿ ಆಗಿ ಉಳಿಯುವುದಕ್ಕೆ ಪ್ಯಾಕ್ಸ್5 ಸದಾ ಕಾವಲಿರಬೇಕು. ಮಕ್ಕಳ ಬಿ-ಎಎಲ್‌ಎಲ್‌ನಲ್ಲಿ ಪ್ಯಾಕ್ಸ್5 ಕೆಡುವುದು ಸಾಮಾನ್ಯ ಅಂತ 2007ರಿಂದ ಗೊತ್ತು. ಈಗ ಸಿಡಿ19 ಮೇಲೆಯೇ ಗುರಿ ಇಡುವ ಕಾರ್-ಟಿ (ಮಾರ್ಪಡಿಸಿದ ಟಿ-ಸೆಲ್ ಕೊಡುವ ಚಿಕಿತ್ಸೆ), ಬ್ಲಿನಾಟುಮೊಮಾಬ್ ಅನ್ನುವ ಔಷಧಿ ಬಂದಿವೆಯಲ್ಲ. ಕೆಎಂಟಿ2ಎ ಮುರಿದ ಕೆಲವು ರೋಗಿಗಳಲ್ಲಿ ಅವು ಕೊಟ್ಟ ಮೇಲೆ ಕಾಯಿಲೆ ಸಿಡಿ19 ಕಳಚಿ ಮೈಲಾಯ್ಡ್ ಆಗಿ ವಾಪಸ್ ಬರುತ್ತದೆ. ಕೆಎಂಟಿ2ಎ ಮುರಿದ ಜಾಗ ಎರಡರಲ್ಲೂ ಒಂದೇ ಇದ್ದರೆ ಅದು ಅದೇ ಕಾಯಿಲೆ. ನಿಮ್ಮ ಸೀನಿಯರ್ ಹೇಳಿದ ಕೇಸ್ ಯಾವುದು ಅಂತ ಆ ಪರೀಕ್ಷೆ ನೋಡಿದರೆ ತಿಳಿಯುತ್ತದೆ.

ಎಳೆಗಣ_ಡಾಕ್ಟರ್:

ಥೈಮಸ್_ದಾರಿ ಅವರ ಮಾತಿಗೆ ಲ್ಯಾಬ್ ಕೆಲಸಕ್ಕೆ ಬೇಕಾದ ಒಂದು ವಿಷಯ ಸೇರಿಸುತ್ತೇನೆ. ಸಿಡಿ19 ಚಿಕಿತ್ಸೆ ಪಡೆದವರ ಸ್ಯಾಂಪಲ್‌ನಲ್ಲಿ ಸಿಡಿ19 ಒಂದನ್ನೇ ನಂಬಿ ಗೇಟ್ ಹಾಕಬೇಡಿ, ಅಂದರೆ ನೋಡಬೇಕಾದ ಕೋಶಗಳನ್ನು ಆರಿಸಬೇಡಿ. ಸಿಡಿ22, ಸಿಡಿ24, ಒಳಗಿನ ಸಿಡಿ79ಎ ತರಹದ ಬೇರೆ ಗುರುತೂ ಬೇಕು, ಮೈಲಾಯ್ಡ್ ಕಡೆಯೂ ಒಂದು ಕಣ್ಣಿರಲಿ.

ಇನ್ನೊಂದು, ಹೊಸಬರು ಮುಗ್ಗರಿಸುವ ಜಾಗ. ಕೀಮೋ ಮುಗಿದು ಮಜ್ಜೆ ಚೇತರಿಸಿಕೊಳ್ಳುವಾಗ ಸಾಧಾರಣ ಎಳೆಯ ಬಿ-ಸೆಲ್‌ಗಳು ಗುಂಪಾಗಿ ಬರುತ್ತವೆ, ಹೆಮಟೋಗೋನ್ ಅನ್ನುತ್ತೇವೆ. ಮಕ್ಕಳಲ್ಲಿ ಇದು ತುಂಬಾ ಜಾಸ್ತಿ. ಸಿಡಿ19, ಸಿಡಿ10, ಕೆಲವಕ್ಕೆ ಸಿಡಿ34, ಟಿಡಿಟಿ ಎಲ್ಲ ಇರುತ್ತದೆ. ನೋಡಿದರೆ ಕಾಯಿಲೆ ವಾಪಸ್ ಬಂತು ಅನ್ನಿಸಬೇಕು, ಹಾಗಿರುತ್ತದೆ. ಆದರೆ ಅವು ಬೆಳೆಯುತ್ತಾ ಹೋಗುವ ಕೋಶಗಳು. ಸಿಡಿ34 ಬಿಡುತ್ತಾ, ಸಿಡಿ10 ಕಡಿಮೆಯಾಗುತ್ತಾ, ಸಿಡಿ20 ಮತ್ತು ಸಿಡಿ45 ಏರುತ್ತಾ ಪ್ಲಾಟ್ ಮೇಲೆ ಒಂದು ಬಾಗಿದ ಸಾಲು ಕಾಣುತ್ತದೆ. ಲುಕೇಮಿಯಾ ಕೋಶಗಳು ಒಂದು ಹಂತದಲ್ಲಿ ಗಂಟಾಗಿ ನಿಂತಿರುತ್ತವೆ. ಎಷ್ಟೋ ಸಲ ಸಿಡಿ38 ಮಂಕಾಗಿ, ಸಿಡಿ58 ಜೋರಾಗಿ ಇರುತ್ತದೆ. 10 ಸಾವಿರ ಕೋಶದಲ್ಲಿ ಒಂದನ್ನು ಹುಡುಕುವಾಗ ಈ ವ್ಯತ್ಯಾಸದ ಮೇಲೆಯೇ ಒಂದು ಮಗುವಿನ ಚಿಕಿತ್ಸೆ ನಿಂತಿರುತ್ತದೆ.

ಮಜ್ಜೆಮಾತು:

ಎಎಂಎಲ್‌ನಲ್ಲೂ ಇದೇ ತರಹದ ತೊಡಕಿದೆ, ಡಿಎನ್‌ಎ ಓದುವ ಸೀಕ್ವೆನ್ಸಿಂಗ್ ವಿಭಾಗಕ್ಕೆ ಹೋದಾಗ ಬೇಕಾಗುತ್ತದೆ. ಚಿಕಿತ್ಸೆ ಆದ ಮೇಲೆ ಬ್ಲಾಸ್ಟ್ ಎಲ್ಲ ಹೋಗಿ ರಕ್ತ ಸರಿಯಾಗಿದ್ದರೂ ಡಿಎನ್‌ಎಂಟಿ3ಎ ಮ್ಯುಟೇಶನ್ ಹಾಗೇ ಉಳಿದಿರಬಹುದು. ಹಳೆಯ ಸ್ಟೆಮ್ ಸೆಲ್ ಇನ್ನೂ ರಕ್ತ ಮಾಡುತ್ತಿದೆ ಅಂತ ಅದರ ಅರ್ಥ, ಕಾಯಿಲೆ ಉಳಿದಿದೆ ಅಂತ ಅದೊಂದರಿಂದಲೇ ಹೇಳುವ ಹಾಗಿಲ್ಲ. ಹಾಗಾಗಿ ಡಿಎನ್‌ಎಂಟಿ3ಎ, ಟಿಇಟಿ2, ಎಎಸ್‌ಎಕ್ಸ್‌ಎಲ್1 ಮೂರನ್ನೂ ಚಿಕಿತ್ಸೆಯ ನಂತರ ಇನ್ನೂ ಉಳಿದಿರುವ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎನ್‌ಪಿಎಂ1 ಮತ್ತೆ ಕಂಡು ಏರತೊಡಗಿದರೆ ಮಾತ್ರ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಅದು ಬ್ಲಾಸ್ಟ್ ಹುಟ್ಟಿಸಿದ ಏಟು.